ಕುಂದ್ರೋ ಮನಿಯ ಅಕ್ಕೋರು

ಹೋದ ತಿಂಗಳು ಅಕ್ಕೋರ ಮಣ್ಣಿಗೆ ಹೋಗಿದ್ದೆ. ಶಹಾಪುರದ ಆ ಸಣ್ಣ ಚರ್ಚಿನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಸಭೆಯ ಹಿರಿಯರೊಬ್ಬರು, ಅಲ್ಲಿನ ಕಮಿಟಿಯ ಅಧ್ಯಕ್ಷರು, ಪೆಟ್ಟಿಗೆಯ ಪಕ್ಕ ನಿಂತು ಬಹಳ ಹೊತ್ತು ಮಾತಾಡಿದರು. ದೀನರ ತಾಯಿ ಎಂದರು, ನಮ್ಮ ಸಭೆಯ ದೀಪ ಎಂದರು, ಈ ತಾಯಿಯ ಸೇವೆಗೆ ಸಭೆ ಕೊನೆಯವರೆಗೂ ಬೆನ್ನಿಗೆ ನಿಂತಿತ್ತು ಎಂದರು. ಕೊನೆಯ ಮಾತು ಸುಳ್ಳೆಂದು ಅಲ್ಲಿದ್ದವರಲ್ಲಿ ಮೂವರಿಗೆ ಗೊತ್ತಿತ್ತು. ಹೇಳಿದವರಿಗೆ, ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ, ಮತ್ತು ಪೆಟ್ಟಿಗೆಯೊಳಗೆ ಮಲಗಿದ್ದವರಿಗೆ. ಎದ್ದು ನಿಂತು ಹೇಳುವ ಯೋಗ್ಯತೆ ನನಗಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ, ನಾವೆಲ್ಲ ಖಾಲಾ ಎನ್ನುತ್ತಿದ್ದ ಬಳೆ ಮಾರುವ ಮುದುಕಿ ಒಬ್ಬಳೇ ಕೂತಿದ್ದಳು. ಒಳಗೆ ಬಾ ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ನಾನೂ ಕರೆಯಲಿಲ್ಲ.

ಅಕ್ಕೋರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಸರ್ಕಾರಿ ಕಾಗದದಲ್ಲಿ ಅವರ ಹೆಸರಿನ ಕೆಳಗೆ ನನ್ನ ಸಹಿ ಬಿತ್ತು. ಅಷ್ಟೇ ಸಾಕು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮಗ ಇದೇ ಊರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಸೊಸೆ ಒಳ್ಳೆಯವಳು. ಮೊಮ್ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೂ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಬರುತ್ತಿತ್ತು, ಗುಳಿಗೆ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಅಂಗಡಿಯಿಂದ ದಣಿದು ಬಂದವನ ಹತ್ತಿರ ನಾನು ತಾನೆ ಏನು ಮಾತಾಡಲಿ? ದಿನಾ ಬೆಳಿಗ್ಗೆ ನಡೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಯಾವ ಬಸ್ಸಿಗೂ ಹೋಗುವವನಲ್ಲ. ಗುರುತಿನವರು ಕಂಡು ಎಲ್ಲಿಗೆ ಹೊರಟಿರಿ ಎಂದರೆ, ಯಾರೋ ಬರುವವರಿದ್ದಾರೆ ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಹಾಗೆ ಕೂತವನಿಗೆ ಕಣ್ಣು ಕತ್ತಲೆ ಬಂತು. ಕೆಂಭಾವಿ ಬಸ್ಸಿನಿಂದ ಕಾಯಿಪಲ್ಲೆಯ ಚೀಲ ಹಿಡಿದು ಇಳಿದ ಒಬ್ಬ ಹೆಂಗಸು ನೇರ ನನ್ನ ಕಡೆ ಬಂದು, ಕೇಳದೆಯೇ ಮುಂಗೈ ಹಿಡಿದರು.

"ನಾಷ್ಟಾ ಮಾಡೀರೇನ್ರಿ?"

"ಮನ್ಯಾಗ ಮಾಡೇ ಬಂದೀನಿ," ಎಂದೆ.

"ನಾಡಿ ಹಂಗ ಹೇಳವಲ್ದು. ಏಳ್ರಿ, ಇಲ್ಲೇ ಹತ್ರದಾಗ ನೆಳ್ಳ ಅದ."

ಬೂದು ಬಣ್ಣದ ಹತ್ತಿ ಸೀರೆ, ಕಾಲಲ್ಲಿ ಗಂಡಸರು ಹಾಕುವಂಥ ದಪ್ಪ ಚಪ್ಪಲಿ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಅರವತ್ತು ದಾಟಿದ್ದರೂ ಚೀಲ ಒಂದು ಕೈಯಲ್ಲಿ, ನನ್ನ ರಟ್ಟೆ ಇನ್ನೊಂದು ಕೈಯಲ್ಲಿ ಹಿಡಿದು ರಸ್ತೆ ದಾಟಿಸಿದರು.

ಚರ್ಚಿನ ಕಂಪೌಂಡಿನಲ್ಲಿ, ರಸ್ತೆಯ ಬದಿಗೆ, ಹಿಂದೆ ಮಿಷನ್‌ನವರ ಶಾಲೆ ನಡೆಯುತ್ತಿದ್ದ ಒಂದು ಉದ್ದನೆಯ ಕೋಣೆ ಇತ್ತು. ನೆಲಕ್ಕೆ ಶಹಾಬಾದ್ ಕಲ್ಲು, ಮೇಲೆ ತಗಡು. ಮೊದಲಿದ್ದ ವಯಸ್ಸಾದ ಪಾದ್ರಿಯೊಬ್ಬರು ಇದನ್ನು ನೀವು ನಡೆಸಿ ಎಂದು ಬಾಯಿಮಾತಿನಲ್ಲೇ ಅಕ್ಕೋರಿಗೆ ಕೊಟ್ಟಿದ್ದರು. ಬಾಗಿಲ ಮೇಲಿನ ಹಲಗೆಯಲ್ಲಿ 'ವಿಶ್ರಾಂತಿ ಕೇಂದ್ರ, ಎಲ್ಲರೂ ಬರಬಹುದು' ಎಂದು ಬರೆದಿತ್ತು. ಊರಿನವರು ಮಾತ್ರ ಅದನ್ನು 'ಕುಂದ್ರೋ ಮನಿ' ಎನ್ನುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಿತ್ತು, ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಬಂದವರು ಕೂರುತ್ತಿದ್ದರು. ಎರಡು ಸಲ ಚಹಾ, ಮಧ್ಯಾಹ್ನ ಗಂಜಿ. ಒಂದು ಪೇಪರು, ಒಂದು ಕೇರಂ ಹಲಗೆ, ಒಂದು ಕನ್ನಡಿ, ಹೊರಗೆ ಕೈಕಾಲು ತೊಳೆಯಲು ನೀರು. ಯಾಕೆ ಬಂದಿರಿ ಎಂದು ಅಲ್ಲಿ ಯಾರನ್ನೂ ಕೇಳುವ ಹಾಗಿರಲಿಲ್ಲ. ಅದು ಅಕ್ಕೋರ ಕಟ್ಟಳೆ.

ಅವರು ರಾಯಚೂರಿನ ಕಡೆ ಒಂದು ಮಿಷನ್ ದವಾಖಾನೆಯಲ್ಲಿ ನರ್ಸಾಗಿ ಜೀವ ಸವೆಸಿದವರು. ಮದುವೆಯಾಗಿರಲಿಲ್ಲ. ಈ ಕೋಣೆಯ ಯೋಚನೆ ಹೇಗೆ ಬಂತು ಎಂದು ಒಮ್ಮೆ ಕೇಳಿದ್ದೆ. "ದವಾಖಾನ್ಯಾಗ ದಿನಾ ಐದಾರು ಮಂದಿ ಬ್ಯಾನಿ ಇಲ್ದ ಬರ್ತಿದ್ರು," ಎಂದರು. "ಹೊಟ್ಟಿ ನೋವು ಅನ್ನೋರು, ಮೊಣಕಾಲು ಅನ್ನೋರು. ನಾ ಕೈ ಹಿಡದು ನೋಡಿದ ಕೂಡ್ಲೆ ಅರ್ಧ ಆರಾಮ ಆಗ್ತಿತ್ತು. ಡಾಕ್ಟರು ಇವರನ್ನ ಪಾಳ್ಯಾಗ ನಿಂದರಸಬ್ಯಾಡ್ರಿ ಅಂತ ಬೈತಿದ್ರು. ಅವರದೂ ತಪ್ಪಿಲ್ಲ. ಹಂಗಾರ ಆ ಮಂದಿ ಹೋಗೋದಾದ್ರೂ ಎಲ್ಲಿಗಿ?"

ಅಕ್ಕೋರನ್ನು ದೇವತೆಯನ್ನಾಗಿ ಮಾಡಲು ನನಗೆ ಇಷ್ಟವಿಲ್ಲ. ಅವರ ನಾಲಿಗೆ ಕೆಟ್ಟದ್ದು. ಅಲ್ಲಿ ಅಳುವುದಕ್ಕೆ ಅಡ್ಡಿ ಇರಲಿಲ್ಲ, ಆದರೆ ಯಾರಾದರೂ ಬಹಳ ಹೊತ್ತು ಅತ್ತರೆ, "ಚಾ ಆರೋದ್ರಾಗ ಮುಗಸ್ರಿ," ಎನ್ನುತ್ತಿದ್ದರು. ಕೇರಂನಲ್ಲಿ ಸೋತರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಸೋಲುತ್ತಿದ್ದುದೇ ಹೆಚ್ಚು. ಭೀಮಣ್ಣ ಎಂಬುವನು ಗಂಜ್‌ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದವನು. ಹತ್ತಿಯ ಅಂಡಿಗೆ ಮೈಮೇಲೆ ಬಿದ್ದು ಸೊಂಟ ಹೋಗಿತ್ತು. ಕುಡಿದು ಬಂದರೆ ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಎಂಥ ಬಿಸಿಲಿದ್ದರೂ ಸರಿ, "ನಾಳಿ ಬಾ" ಎಂದು ಬಾಗಿಲು ಹಾಕುತ್ತಿದ್ದರು. ಪಾಪ, ನೆರಳಿಗಾದರೂ ಕೂರಲಿ ಎಂದು ನಾನು ಒಮ್ಮೆ ಹೇಳಿದಾಗ, "ಒಳಗ ಹೆಣ್ಮಕ್ಕಳು ಅದಾರ. ಕುಡದ ಗಂಡನ ಕೈಯಾಗಿಂದ ತಪ್ಪಿಸ್ಕೊಂಡು ಬಂದು ಕುಂತೋರು. ಅವರ ಮುಂದ ಇವನ್ನ ಕುಂದ್ರಸ್ಲೇನು?" ಎಂದು ನನ್ನ ಬಾಯಿ ಮುಚ್ಚಿಸಿದರು.

ಚಹಾ ಕೊಡುವ ಮೊದಲು ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಮಾಡುತ್ತಿದ್ದರು. ಅದು ಇಷ್ಟೇ. "ಕರ್ತನೇ, ಚಾ ಅದ, ಮಂದಿ ಅದಾರ. ಆಮೆನ್." ನಿಂತುಕೊಂಡೇ, ಒಂದು ಕೈಯಲ್ಲಿ ಕಿಟ್ಲಿ ಹಿಡಿದೇ ಹೇಳುತ್ತಿದ್ದರು. ಉಳಿದವರಲ್ಲಿ ಪೇಪರು ಓದುವವರು ಓದುತ್ತಿದ್ದರು, ಮಾತಾಡುವವರು ಮಾತಾಡುತ್ತಿದ್ದರು. ನಾನು ಅಲ್ಲಿಗೆ ಹೋದ ಮೂರು ವರ್ಷಗಳಲ್ಲಿ ನೀವೂ ಕಣ್ಣು ಮುಚ್ಚಿರಿ ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಈ ಮಾತನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬೇಕಾದ ಹೊತ್ತಿನಲ್ಲಿ ಬರೆಯಲಿಲ್ಲ.

ಮೊದಲ ನಾಲ್ಕು ತಿಂಗಳು ನಾನು ಅಲ್ಲಿ ಚಹಾ ಕುಡಿಯಲಿಲ್ಲ. ಸಕ್ಕರೆ ಕಾಯಿಲೆ ಎಂದಿದ್ದೆ. ಕಾಯಿಲೆ ಇದ್ದದ್ದು ನಿಜ, ಕಾರಣ ಅದಲ್ಲ. ಅಕ್ಕೋರ ಅಜ್ಜ ಯಾವ ಕೇರಿಯಿಂದ ಬಂದು ಕ್ರೈಸ್ತರಾದವರು ಎಂಬುದು ಊರಿಗೆಲ್ಲ ಗೊತ್ತಿತ್ತು. ಒಂದು ದಿನ ಕಿಟ್ಲಿ ಹಿಡಿದು ನನ್ನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದರು.

"ಮಾಸ್ತರ್ರ, ನಿಮ್ಮ ಸಕ್ಕರಿ ಇಲ್ಲಿ ಬಂದಾಗ ಅಷ್ಟೇ ಏರ್ತದೇನ್ರಿ? ಬಸ್ ಸ್ಟ್ಯಾಂಡ್ ಹೋಟೆಲ್ನಾಗ ದಿನಾ ಎರಡು ಚಾ ಕುಡೀತೀರಿ. ನಾ ನೋಡೀನಿ."

ಗ್ಲಾಸು ಕೈಗೆ ತೆಗೆದುಕೊಂಡು ಕುಡಿದೆ. ಕುಡಿಯುವಾಗ ಅವರು ನನ್ನ ಕಡೆ ನೋಡಲಿಲ್ಲ. ಮುಂದಿನವರಿಗೆ ಚಹಾ ಹಾಕುತ್ತ, ಬೇರೆ ಯಾರ ಬಗೆಗೋ ಎನ್ನುವ ಹಾಗೆ ಹೇಳಿದರು. "ನಮ್ಮಪ್ಪನ ಗ್ಲಾಸು ಊರ ಹೋಟೆಲ್ನಾಗ ಹೊರಗ ಗ್ವಾಡಿ ಸಂದ್ಯಾಗ ಇರ್ತಿತ್ತು. ಕುಡದು, ತೊಳದು, ಅಲ್ಲೇ ಇಟ್ಟು ಬರ್ತಿದ್ದ. ನಾ ಸಣ್ಣಾಕಿ, ಅವನ ಕೈ ಹಿಡಕೊಂಡು ನಿಂದರ್ತಿದ್ದೆ." ಅಷ್ಟೇ. ಮತ್ತೆ ಯಾವತ್ತೂ ಆ ವಿಷಯ ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತೇನೋ, ನನ್ನೊಳಗೆ ಏನೇನಿದೆ ಎಂದು ನನಗಾದರೂ ಮೊದಲೇ ತಿಳಿಯುತ್ತಿತ್ತು.

ಅವರ ಕೈಯಲ್ಲಿ ಸದಾ ಒಂದು ಉಗುರು ಕತ್ತರಿಸುವ ಕಟರ್ ಇರುತ್ತಿತ್ತು. ವಯಸ್ಸಾದವರ ಕಾಲುಗುರು ಕಲ್ಲಿನ ಹಾಗೆ ಬೆಳೆದಿರುತ್ತವೆ. ಬಗ್ಗಿ ತೆಗೆದುಕೊಳ್ಳಲು ಅವರಿಗೆ ಆಗುವುದಿಲ್ಲ, ಮನೆಯವರಿಗೆ ಹೇಳಲು ನಾಚಿಕೆ. ಅಕ್ಕೋರು ಮಣೆಯ ಮೇಲೆ ಕೂತು, ಬಿಸಿನೀರಿನಲ್ಲಿ ಕಾಲು ನೆನೆಸಿ, ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಉಗುರು ತೆಗೆಯುತ್ತಿದ್ದರು. ತೆಗೆಯುತ್ತ ಬೈಯುತ್ತಿದ್ದರು. ಬಳೆ ಮಾರುತ್ತಿದ್ದ ಖಾಲಾಳ ಕಾಲು ನೋಡಿ, "ಊರೂರು ತಿರುಗಿ ಮಂದಿ ಕೈಯೆಲ್ಲಾ ಚೆಂದ ಮಾಡಿದಿ, ನಿನ್ನ ಕಾಲು ನೋಡ್ಕೊಳ್ಳಾಕ ಏನಾಗಿತ್ತ?" ಎಂದರೆ, ಖಾಲಾ ನಗುತ್ತ, "ಕಾಲು ಯಾರು ನೋಡ್ತಾರ ಅಕ್ಕಾ, ಬುರ್ಖಾದಾಗ ಇರ್ತದ," ಎನ್ನುತ್ತಿದ್ದಳು.

ಆ ಖಾಲಾಳನ್ನೇ ಒಮ್ಮೆ ಅಕ್ಕೋರು ಎಲ್ಲರೆದುರು ಹಿಡಿದಿದ್ದರು. ಡಬ್ಬಿಯ ಬಿಸ್ಕೀಟು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. "ಕೇಳಿದ್ರ ಕೊಡ್ತಿರ್ಲಿಲ್ಲೇನು? ಕಳವು ಯಾಕ?" ಎಂದು ಗದರಿದರು. ಖಾಲಾ ಬಿಸ್ಕೀಟು ಡಬ್ಬಿಗೆ ಹಾಕಿ ಹೊರಟುಹೋದಳು. ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಅಕ್ಕೋರು ನನಗೆ ಕೋಣೆ ನೋಡಿಕೊಳ್ಳಲು ಹೇಳಿ ಅವಳ ಮನೆ ಹುಡುಕಿಕೊಂಡು ಹೋದರು. ತಪ್ಪಾಯ್ತು ಎನ್ನಲಿಲ್ಲವಂತೆ. ಹೊಸ್ತಿಲಲ್ಲಿ ಕೂತು, ಕಾಲು ಚಾಚು ಎಂದು ಉಗುರು ತೆಗೆದು, ಬಿಸ್ಕೀಟಿನ ಪೊಟ್ಟಣ ಅಲ್ಲೇ ಇಟ್ಟು ಬಂದರಂತೆ. ಮರುದಿನ ಖಾಲಾ ಬಂದಳು. ಇಬ್ಬರೂ ಏನೂ ಆಗದವರ ಹಾಗೆ ಇದ್ದರು.

ಆಮೇಲೆ ಆದದ್ದನ್ನು ಹೇಳುತ್ತೇನೆ.

ಕಂಪೌಂಡಿನ ರಸ್ತೆ ಬದಿಯಲ್ಲಿ ಮಳಿಗೆ ಕಟ್ಟಿಸಬೇಕೆಂದು ಕಮಿಟಿಯವರಿಗೆ ಬಹಳ ದಿನಗಳಿಂದ ಇತ್ತು. ಅಡ್ಡ ಇದ್ದದ್ದು ಈ ಕೋಣೆ. ಅಕ್ಕೋರನ್ನು ಎಬ್ಬಿಸಲು ಅವರಿಗೆ ಮುಖ ಇರಲಿಲ್ಲ. ಅದೇ ಹೊತ್ತಿಗೆ, ಆ ಕೋಣೆಯಲ್ಲಿ ಬಡವರಿಗೆ ಚಹಾ ಗಂಜಿ ಕೊಟ್ಟು ಮತ ಬದಲಿಸುತ್ತಿದ್ದಾರೆ ಎಂದು ಊರಿನ ಕೆಲವರು ತಾಲೂಕು ಕಚೇರಿಗೆ ಅರ್ಜಿ ಕೊಟ್ಟರು. ವಿಚಾರಣೆಗೆ ಅಧಿಕಾರಿಯೊಬ್ಬರು ಬರುವುದಾಯಿತು.

ಹಿಂದಿನ ದಿನ ಊಟಕ್ಕೆ ಕೂತಾಗ ಮಗ ಮೆಲ್ಲಗೆ ಹೇಳಿದ. "ಅಪ್ಪಾ, ನಾಳಿ ಅಲ್ಲಿ ಭಾಳ ಮಾತಾಡಾಕ ಹೋಗಬ್ಯಾಡ್ರಿ. ಸುರಪುರದವರು ಹುಡುಗೀನ ನೋಡಾಕ ಬರೋರದಾರ. ದೊಡ್ಡ ಮಂದಿ. ನಮ್ಮ ಹೆಸರು ಇಂಥಾದ್ರಾಗ ಬರಬಾರ್ದು."

"ನಾ ಅಲ್ಲಿ ಪೇಪರ್ ಓದಾಕ ಹೋಗ್ತೀನಿ, ಅಷ್ಟೇ," ಎಂದೆ.

"ಹಂಗೇ ಹೇಳ್ರಿ ಮತ್ತ," ಎಂದ.

ಅಧಿಕಾರಿ ಸಭ್ಯ ಮನುಷ್ಯ. ಯಾರನ್ನೂ ಗದರಿಸಲಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿದರು. ಖಾಲಾ ಕರೆಯುವ ಮೊದಲೇ ಎದ್ದು ಹೋಗಿ ಎದುರು ನಿಂತಳು.

"ಸಾಬ್, ನಾ ಐದು ಹೊತ್ತು ನಮಾಜ್ ಮಾಡಾಕಿ. ಮಧ್ಯಾನದ ನಮಾಜ್ ಇಲ್ಲೇ ಆ ಮೂಲ್ಯಾಗ ಮಾಡ್ತೀನಿ. ಚಾಪಿ ಈ ಅಕ್ಕನೇ ಹಾಸಿ ಕೊಡ್ತಾಳ. ಇಕಿ ನನ್ನ ಏನು ಬದಲಿ ಮಾಡ್ಯಾಳಂತ ಬರಕೋತೀರಿ? ಉಗುರು ತಗದಾಳ, ಅದನ್ನ ಬರಕೋರಿ."

ಅಧಿಕಾರಿ ನಕ್ಕು ಬರೆದುಕೊಂಡರು. ಭೀಮಣ್ಣನೂ ಅವತ್ತು ಕುಡಿಯದೆ ಬಂದಿದ್ದ. ತನಗೆ ತಿಳಿದ ಹಾಗೆ, ಅಕ್ಕೋರು ಬೈಯುವುದು ಬಿಟ್ಟು ಬೇರೆ ಏನೂ ಮಾಡಿಲ್ಲ ಎಂದ. ಕೊನೆಗೆ ನನ್ನ ಸರದಿ. ಅಲ್ಲಿಯವರಲ್ಲಿ ನಾಲ್ಕು ಅಕ್ಷರ ಕಲಿತವನು, ಊರಲ್ಲಿ ಮಾತಿಗೆ ತೂಕ ಇದ್ದವನು ನಾನೊಬ್ಬನೇ. ಅಧಿಕಾರಿಗೂ ಅದು ಗೊತ್ತಿತ್ತು, ಕುರ್ಚಿ ತರಿಸಿ ಕೂರಿಸಿದರು. ಅಕ್ಕೋರು ಒಲೆಯ ಹತ್ತಿರ ನಿಂತಿದ್ದರು. ಅವರ ಮುಖ, ಇನ್ನು ಚಿಂತೆಯಿಲ್ಲ ಎನ್ನುವ ಹಾಗಿತ್ತು. ಅದು ಇವತ್ತಿಗೂ ಕಣ್ಣ ಮುಂದೆ ಇದೆ.

"ಸರ್, ನೀವು ಇಲ್ಲಿಗೆ ದಿನಾ ಬರ್ತೀರಂತ?"

"ಯಾವಾಗರ ಒಮ್ಮೆ. ಪೇಪರ್ ಓದಾಕ."

"ಇಲ್ಲಿ ಪ್ರಾರ್ಥನಾ ಮಾಡ್ತಾರೇನ್ರಿ?"

"ಮಾಡ್ತಾರ."

"ಯಾವಾಗ? ಚಾ, ಗಂಜಿ ಕೊಡೋಕಿಂತ ಮೊದಲ?"

"ಹೌದ್ರಿ. ಮೊದಲ."

ಅವರು ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದು ಕಾದರು. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಪ್ರಾರ್ಥನೆ ಎಷ್ಟು ಉದ್ದದ್ದು, ಯಾರು ಮಾಡುತ್ತಾರೆ, ಯಾರು ಮಾಡುವುದಿಲ್ಲ, ಎಲ್ಲ ಹೇಳಬಹುದಿತ್ತು. ನಾಲ್ಕು ಮಾತಿನ ಕೆಲಸ. "ಇಲ್ರಿ, ಇಷ್ಟೇ," ಎಂದೆ. ಕಾಗದವನ್ನು ಓದಿ ಹೇಳಿದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದೆ. ನನ್ನ ಸಹಿ ಅವತ್ತೂ ಕರಿಹಲಗೆಯ ಮೇಲಿನ ಅಕ್ಷರದಂತೆ ದುಂಡಗಿತ್ತು.

ಅಧಿಕಾರಿ ಹೋದ ಮೇಲೆ ಅಕ್ಕೋರು ಎಂದಿನಂತೆ ಚಹಾ ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟೇ. "ಸುಳ್ಳು ಹೇಳಿದ್ರ ಜಗಳಾ ತಗೀತಿದ್ದೆ, ಮಾಸ್ತರ್ರ. ನೀವು ಖರೇನೇ ಹೇಳೀರಿ. ಅರ್ಧಾ ಹೇಳಿ ಬಿಟ್ಟೀರಿ."

ಅದೇ ವಾರ ಕಮಿಟಿಯವರು ಬಂದು ವಿಚಾರಣೆ ಮುಗಿಯುವ ತನಕ ಎಂದು ಕೋಣೆಗೆ ಬೀಗ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಕೋಣೆಯನ್ನೇ ಕೆಡವಿದರು. ಈಗ ಅಲ್ಲಿ ಮೊಬೈಲಿನ ಅಂಗಡಿ, ಗೊಬ್ಬರದ ಅಂಗಡಿ, ಒಂದು ಬೇಕರಿ ಇವೆ. ಮುಂದೆ ಗಾಡಿಗಳು ನಿಲ್ಲುತ್ತವೆ, ಕೂರಲು ಒಂದು ಕಟ್ಟೆ ಕೂಡ ಇಲ್ಲ.

ಬರುತ್ತಿದ್ದವರು ಚದುರಿದರು. ಖಾಲಾ ದರ್ಗಾದ ಮುಂದೆ ಕೂರತೊಡಗಿದಳು. ಭೀಮಣ್ಣನಿಗೆ ಈಗ ಕುಡಿಯದೆ ಇರಲು ಯಾವ ಕಾರಣವೂ ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಕಾಲುವೆಯ ದಂಡೆಯಲ್ಲಿ ಭತ್ತದ ಗದ್ದೆಯವರಿಗೆ ಅವನ ಹೆಣ ಸಿಕ್ಕಿತು. ಗುರುತು ಹಿಡಿಯಲು ಅಕ್ಕೋರೇ ಹೋದರು. ಮಣ್ಣು ಮಾಡಲು ನಾಲ್ಕು ಜನ ಹಮಾಲರನ್ನು ಅವರೇ ಕರೆದು ತಂದರು. ಆಮೇಲೆ ನನ್ನ ಹತ್ತಿರ ಬಂದು, "ಅವತ್ತು ಬಿಸಲಾಗ ಅವನ್ನ ಹೊರಗ ಹಾಕಿದ್ದೆ ನೋಡ್ರಿ," ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರ ಬಾಯಲ್ಲಿ ಮಾತು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೋಣೆ ಹೋದ ಮೇಲೆ ಅಕ್ಕೋರು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಒಂದು ಥರ್ಮಾಸಿನಲ್ಲಿ ಚಹಾ, ಮೂರು ನಾಲ್ಕು ಗ್ಲಾಸು. ಬಂದವರಿಗೆ ಕೊಡುತ್ತಿದ್ದರು. ಎರಡು ವರ್ಷ ಹಾಗೆ ನಡೆಯಿತು. ನಾನೂ ಹೋಗುತ್ತಿದ್ದೆ. ಮಗನ ಪರಿಚಯದವರು ಬಸ್ಸಿನಿಂದ ಇಳಿದರೆ ಸ್ವಲ್ಪ ದೂರ ಸರಿದು ಕೂರುತ್ತಿದ್ದೆ. ಅವರು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಕೋಣೆಯ ಮಾತು ತೆಗೆಯುತ್ತಿರಲಿಲ್ಲ. ಚಹಾದ ಮೊದಲು ಪ್ರಾರ್ಥನೆಯನ್ನೂ ಈಗ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು.

ಮೊಮ್ಮಗಳ ಓದು ಮುಗಿದು, ಈ ವರ್ಷ ಅದೇ ಸುರಪುರದವರ ಜೊತೆ ಅವಳ ಮದುವೆ ಆಯಿತು. ಚೆನ್ನಾಗಿಯೇ ಆಯಿತು. ಮದುವೆ ಮುಗಿದ ಮೇಲೆ ನನಗೆ ಧೈರ್ಯ ಬಂತು. ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೆ ಆದದ್ದೇ ಹಾಗೆ. ತಾಲೂಕು ಕಚೇರಿಗೆ ಹೋಗಿ, ಹಿಂದೆ ಕೊಟ್ಟ ಹೇಳಿಕೆಗೆ ಇನ್ನಷ್ಟು ಸೇರಿಸಬೇಕಿದೆ ಎಂದೆ. ಅಲ್ಲಿನ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ. ಕಡತ ಹುಡುಕಿ ತಂದು, ನನ್ನ ಮುಖ ನೋಡಿದ.

"ಸರ್, ಇದು ಆಗೇ ಮುಗದದ. ವಿಚಾರಣಾ ಆದ ಎರಡ ತಿಂಗಳಿಗೇ. ದೂರಿನಾಗ ಹುರುಳಿಲ್ಲ ಅಂತ ವರದಿ ಬರದು ಮುಚ್ಯಾರ. ವರದಿ, ಹೇಳಿಕಿ ಎಲ್ಲಾದರ ನಕಲು ಚರ್ಚಿನ ಕಮಿಟಿಗೆ ಹೋಗ್ಯಾದ, ವರದಿ ಆ ಅಮ್ಮಾರಿಗೂ ಹೋಗ್ಯಾದ."

ನನ್ನ ಮೈಯಿಂದ ಒಂದು ಭಾರ ಇಳಿದ ಹಾಗಾಯಿತು. ಹಾಗಾದರೆ ನನ್ನ ಮಾತಿನಿಂದ ಏನೂ ಕೆಟ್ಟಿಲ್ಲ. ಅದೇ ಸಂತೋಷದಲ್ಲಿ ನೇರ ಅಕ್ಕೋರ ಮನೆಗೆ ಹೋದೆ. ಅಷ್ಟೊತ್ತಿಗೆ ಅವರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿತ್ತು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದ ಮನೆಯ ಹೆಂಗಸು ಗಂಜಿ ಕುಡಿಸಿ ಹೋಗಿದ್ದಳು. ನಾನು ಕಚೇರಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ.

"ಗೊತ್ತದ," ಎಂದರು. ಮಾತು ತೊದಲುತ್ತಿತ್ತು, ನಿಧಾನವಾಗಿ ಹೇಳಿದರು. "ಆ ಕಾಗದ ಹಿಡಕೊಂಡು ಕಮಿಟಿಗೆ ಹೋಗಿದ್ದೆ. ಸರ್ಕಾರದವರೇ ತಪ್ಪಿಲ್ಲ ಅಂದಾರ, ಕೀಲಿ ತಗೀರಿ ಅಂದೆ."

"ಅವರು ಏನಂದ್ರು?"

"ನಿಮ್ಮ ಹೇಳಿಕಿ ತೋರಿಸಿದ್ರು."

ಅವರು ದಿಂಬಿಗೆ ಇನ್ನಷ್ಟು ಒರಗಿ ಮುಂದುವರಿಸಿದರು.

"ಸರ್ಕಾರ ಏನರ ಅನ್ಲಿ, ದಿನಾ ಅಲ್ಲಿ ಬಂದು ಕುಂದರೋ ಮಾಸ್ತರೇ ಹಿಂಗ ಬರದು ಕೊಟ್ಟಾರ, ನಾಳಿ ಮತ್ತ ಯಾರರ ಅರ್ಜಿ ಹಾಕಿದ್ರ ಸಭಾಕ್ಕ ಕೆಟ್ಟ ಹೆಸರು, ನಾವು ತಗಿಯೋದಿಲ್ಲ ಅಂದ್ರು. ಅವರಿಗೆ ಒಂದು ನೆಪ ಬೇಕಾಗಿತ್ತು. ಸರ್ಕಾರದವರು ಕೊಡಲಿಲ್ಲ."

ಅದನ್ನು ಕೊಟ್ಟವರು ಯಾರೆಂದು ಅವರು ಹೇಳಲಿಲ್ಲ. ಎರಡು ವರ್ಷ ಅವರು ಇದನ್ನು ಒಳಗಿಟ್ಟುಕೊಂಡೇ ದಿನಾ ನನ್ನ ಕೈಗೆ ಚಹಾದ ಗ್ಲಾಸು ಕೊಟ್ಟಿದ್ದರು. ಕೊನೆಗೆ ಕೇಳಿದೆ.

"ಅಕ್ಕೋರ, ಇಷ್ಟು ದಿನ ನನಗ ಯಾಕ ಹೇಳಲಿಲ್ಲ?"

ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಹೇಳಿದ್ರ ನೀವು ಬಸ್ ಸ್ಟ್ಯಾಂಡಿಗೂ ಬರೋದು ಬಿಡ್ತಿದ್ರಿ," ಎಂದರು. "ಆ ಮ್ಯಾಲ ನೀವರ ಎಲ್ಲಿ ಹೋಗಿ ಕುಂದರ್ತಿದ್ರಿ?"